ಮೊದಲ ಮತ್ತು ಮೂರನೇ ಶನಿವಾರದ ಮೊಮ್ಮಗ

ಕರ್ನಾಟಕ ಹೈಕೋರ್ಟಿನ ಮಾನ್ಯ ಮುಖ್ಯ ನ್ಯಾಯಮೂರ್ತಿಗಳಿಗೆ ಹಾಗೂ ರಾಜ್ಯ ಸರ್ಕಾರದ ಮಾನ್ಯ ಕಾನೂನು ಸಚಿವರಿಗೆ,

ನಾಗಮಂಗಲ ತಾಲ್ಲೂಕು ಹೊಣಕೆರೆ ಹೋಬಳಿಯ ಒಬ್ಬ ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು ನಾನು.

ಇದನ್ನು ಅರ್ಜಿ ಎಂದು ತಿಳಿಯಬೇಡಿ. ಅರ್ಜಿ ಎಂದರೆ ಸ್ಟಾಂಪು ಅಂಟಿಸಬೇಕು, ವಕಾಲತ್ತು ಹಾಕಿಸಬೇಕು, ಆಮೇಲೆ ವಾಯಿದೆ ಬೀಳುತ್ತದೆ. ವಾಯಿದೆಗಳನ್ನು ಸಾಕಷ್ಟು ನೋಡಿದ್ದೇನೆ. ಊರ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುವುದನ್ನೇ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ.

ನನ್ನ ಮಗನಿಗೂ ಸೊಸೆಗೂ ಡೈವರ್ಸ್ ಆಗಿದೆ. ಯಾರದು ತಪ್ಪು ಎಂದು ಇಲ್ಲಿ ಬರೆಯುವುದಿಲ್ಲ. ಬರೆಯಲು ಹೊರಟರೆ ನನ್ನ ಮಗನ ಪಾಲನ್ನೂ ಬರೆಯಬೇಕು, ಅದೇನು ಸಣ್ಣದಲ್ಲ. ಮೊಮ್ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ತಾಯಿಯ ಜೊತೆ ಕೆ.ಆರ್. ಪೇಟೆ ಕಡೆ ಇದ್ದಾನೆ. ತಿಂಗಳ ಮೊದಲ ಮತ್ತು ಮೂರನೇ ಶನಿವಾರ, ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ, ಕೋರ್ಟಿನ ಆವರಣದಲ್ಲಿ ತಂದೆ ಅವನನ್ನು ನೋಡಬಹುದು ಎಂದು ಆದೇಶವಾಗಿದೆ. ಯಾವ ಕೋರ್ಟು ಎಂದು ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಆ ಆವರಣದಲ್ಲಿ ನಮ್ಮ ಹಾಗೆಯೇ ಬಿಸ್ಕತ್ತಿನ ಪೊಟ್ಟಣ ಹಿಡಿದು ಕಾಯುವ ಬೇರೆ ತಾಲ್ಲೂಕಿನ ಅಪ್ಪಂದಿರು, ಅಜ್ಜಿಯರು ಸಿಕ್ಕಿದ್ದಾರೆ. ಅವರ ಆದೇಶಗಳನ್ನೂ ಓದಿದ್ದೇನೆ. ಊರು ಬೇರೆ, ಹೆಸರು ಬೇರೆ, ಒಕ್ಕಣೆ ಒಂದೇ.

ಈ ಎರಡು ಶನಿವಾರಗಳೇ ಯಾಕೆ ಬಂದವು ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಉತ್ತರ ಹೊಳೆದಾಗ ನಗು ಬಂತು. ಎರಡನೇ ಮತ್ತು ನಾಲ್ಕನೇ ಶನಿವಾರ ಕೋರ್ಟಿಗೆ ರಜೆ, ಭಾನುವಾರವಂತೂ ರಜೆಯೇ. ಕೋರ್ಟಿನ ಬಾಗಿಲು ತೆರೆದಿರುವ ಶನಿವಾರ ಉಳಿಯುವುದು ಇವೇ. ದಿನ ಆರಿಸಿದ್ದು ಬಾಗಿಲು, ಮಗುವನ್ನು ಯಾರೂ ಕೇಳಿಲ್ಲ. ಶನಿವಾರ ಶಾಲೆಗಳಲ್ಲಿ ಬೆಳಗಿನ ತರಗತಿ ಇರುತ್ತದೆ ಎಂಬುದು ತಮಗೆ ಗೊತ್ತಿರಲೇಬೇಕು, ತಾವೂ ಶಾಲೆಗೆ ಹೋದವರೇ. ಹನ್ನೊಂದಕ್ಕೆ ಕೋರ್ಟಿನಲ್ಲಿರಬೇಕೆಂದರೆ ಹುಡುಗ ಅಂದಿನ ಶಾಲೆ ಬಿಡಬೇಕು. ಹಾಜರಿ ಪುಸ್ತಕದಲ್ಲಿ ತಿಂಗಳಿಗೆ ಎರಡು ಗೈರು. ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಕೂಗಿದವನು ನಾನು. ಎರಡನೇ ಕ್ಲಾಸಿನ ಹುಡುಗನ ಹೆಸರಿನ ಮುಂದೆ ‘ಗೈರು, ಕಾರಣ: ತಂದೆ’ ಎಂದು ಬೀಳುವುದನ್ನು ನೋಡಲು ಕಷ್ಟವಾಗುತ್ತದೆ.

ಐದನೇ ಶನಿವಾರ ಬರುವ ತಿಂಗಳುಗಳೂ ಇವೆ. ಅದು ಯಾರ ಲೆಕ್ಕಕ್ಕೂ ಸೇರಿಲ್ಲ.

ಆ ಎರಡು ಗಂಟೆ ಹೇಗೆ ಕಳೆಯುತ್ತದೆ ಎಂದು ಕೇಳಿ. ಮಗ ಬೆಂಗಳೂರಿನ ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬಸ್ಸು ಹತ್ತುತ್ತಾನೆ. ನಾನೂ ನನ್ನ ಹೆಂಡತಿಯೂ ಊರಿಂದ ನಾಗಮಂಗಲಕ್ಕೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯುತ್ತೇವೆ. (2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಅಜ್ಜಿಗೆ ಟಿಕೆಟ್ ದುಡ್ಡಿಲ್ಲ, ತಾತನಿಗೆ ಇದೆ. ಸಚಿವರಿಗೆ ಈ ಒಂದು ಉಪಕಾರ ಸ್ಮರಣೆ ಸಲ್ಲಬೇಕು.) ಹುಡುಗ ಬಂದಾಗ ಮೊದಲ ಅರ್ಧ ಗಂಟೆ ಮಾತಿಲ್ಲ. ಹದಿನೈದು ದಿನದಲ್ಲಿ ಮಕ್ಕಳು ಎಷ್ಟು ದೂರ ಹೋಗಿಬಿಡುತ್ತಾರೆ ಎಂಬುದು ಮೇಷ್ಟ್ರಾಗಿದ್ದ ನನಗೂ ಹೊಸ ಪಾಠ. ಮುಂದಿನ ಒಂದು ಗಂಟೆ ಒಂದು ಇಡ್ಲಿ, ಒಂದು ಪೆಪ್ಪರ್‌ಮೆಂಟು, ಮೊಬೈಲಿನಲ್ಲಿ ನಮ್ಮ ಮನೆ ಕರುವಿನ ಫೋಟೊ. ಅವನು ಅಪ್ಪನ ತೊಡೆ ಏರಿ ಶಾಲೆಯ ಕತೆ ಶುರು ಮಾಡುವ ಹೊತ್ತಿಗೆ ಹನ್ನೆರಡೂವರೆ. ಎದುರಿಗೆ ಟೈಪಿಂಗ್ ಮೇಜುಗಳು, ಜೆರಾಕ್ಸ್ ಅಂಗಡಿ, ಪೊಲೀಸರ ವ್ಯಾನು. ಒಂದು ಸಲ ಬೇಡಿ ಹಾಕಿದ ಒಬ್ಬನನ್ನು ಇಳಿಸಿದರು. ಹುಡುಗ ಅವನನ್ನೂ ಅಪ್ಪನನ್ನೂ ಒಮ್ಮೆ ನೋಡಿ ನನ್ನ ಕಿವಿಯಲ್ಲಿ, “ತಾತ, ಅಪ್ಪನ್ನೂ ಇಲ್ಲೇ ಇಟ್ಕೊಂಡವ್ರಾ?” ಅಂದ.

ಅಪ್ಪನನ್ನು ಯಾವಾಗಲೂ ಅವನು ನೋಡಿದ್ದು ಅಲ್ಲಿಯೇ. ಅಪ್ಪನಿಗೆ ಮನೆ ಇದೆ, ಆ ಮನೆಯಲ್ಲಿ ಕರುವಿದೆ, ಹಿತ್ತಲಲ್ಲಿ ತೆಂಗಿನ ಮರವಿದೆ ಎಂದು ಅವನು ಹೇಗೆ ನಂಬಬೇಕು?

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ಹೇಳಿ ಈ ಪತ್ರ ಮುಗಿಸಬಹುದಿತ್ತು. ಜಗಳ ಮುಗಿದು ಎರಡು ವರ್ಷವಾಯಿತು, ಸ್ವಾಮಿ. ಈಗ ಕೂಸನ್ನು ಬಡವು ಮಾಡುತ್ತಿರುವುದು ವೇಳಾಪಟ್ಟಿ.

ಒಂದು ತಪ್ಪೊಪ್ಪಿಗೆ ಇಲ್ಲಿ ಬರಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ಹಳ್ಳಿಯಲ್ಲಿ ಪಂಚಾಯ್ತಿ ಸೇರಿಸಿ ಗಂಡ ಹೆಂಡತಿಯನ್ನು ಬಿಡಿಸಿದರು. ಅಕ್ಷರ ದುಂಡಗಿದೆ ಎಂದು ನನ್ನನ್ನೇ ಕೂರಿಸಿ ಸ್ಟಾಂಪ್ ಪೇಪರಿನ ಮೇಲೆ ಬಿಡುಗಡೆ ಪತ್ರ ಬರೆಸಿದರು. ಪಾತ್ರೆ, ಒಡವೆ, ಒಂದು ಎಮ್ಮೆ, ಎಲ್ಲದರ ಲೆಕ್ಕ ಒಂದೂವರೆ ಪುಟ. ಮಗುವಿನ ಬಗ್ಗೆ ಒಂದೇ ಸಾಲು: ‘ಹೆಣ್ಣು ಕೂಸನ್ನು ತಾಯಿಯೇ ಸಾಕಿಕೊಳ್ಳತಕ್ಕದ್ದು.’ ತಂದೆ ಬಂದು ನೋಡಬಹುದೇ, ಯಾವಾಗ, ಎಲ್ಲಿ, ಏನೂ ಇಲ್ಲ. ಬರೆದವನಿಗೂ ಹೊಳೆಯಲಿಲ್ಲ, ಹೆಬ್ಬೆಟ್ಟು ಒತ್ತಿದವರಿಗೂ ಹೊಳೆಯಲಿಲ್ಲ. ಮುಂದೆ ಆ ಹುಡುಗಿ ನನ್ನದೇ ಶಾಲೆಗೆ ಬಂದಳು. ಕಡಲೆಕಾಯಿ ಕೊಡುವ ನೆಪದಲ್ಲಿ ಬೇಲಿಯಾಚೆ ನಿಂತಿರುತ್ತಿದ್ದವನು ತನ್ನ ಅಪ್ಪ ಎಂದು ಅವಳಿಗೆ ಗೊತ್ತಾದದ್ದು ನಾಲ್ಕನೇ ಕ್ಲಾಸಿನಲ್ಲಿ. ಅದು ಅನಕ್ಷರಸ್ಥರ ಪಂಚಾಯ್ತಿ ಎಂದುಕೊಂಡಿದ್ದೆ. ಈಗ ಮೊಮ್ಮಗನ ವಿಷಯದಲ್ಲಿ ಕೋರ್ಟು ಕೊಟ್ಟದ್ದು ನಾಲ್ಕು ಸಾಲು, ಇಂಗ್ಲಿಷಿನಲ್ಲಿ. ಇಷ್ಟು ವರ್ಷದಲ್ಲಿ ಮೂರು ಸಾಲಿನಷ್ಟು ಮುಂದೆ ಬಂದಿದ್ದೇವೆ.

ಕಾನೂನಿನಲ್ಲೇ ಕೊರತೆಯಿದ್ದರೆ ತಮ್ಮನ್ನು ಕೇಳುತ್ತಿರಲಿಲ್ಲ. ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಒಂದು ತೀರ್ಪಿನಲ್ಲಿ, ಮಗುವಿನ ಪಾಲನೆಯನ್ನು ಒಬ್ಬರಿಗೆ ಒಪ್ಪಿಸುವಾಗ ಇನ್ನೊಬ್ಬರ ಭೇಟಿ ಹಕ್ಕು ಯಾವ ಬಗೆಯದು, ಯಾವ ರೀತಿ ನಡೆಯಬೇಕು ಎಂಬುದನ್ನು ವಿವರವಾಗಿ, ಸ್ಪಷ್ಟವಾಗಿ ಬರೆಯಬೇಕು ಎಂದು ಹೇಳಿತು. ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿನ ಮಾನವ ಹಕ್ಕು ಎಂದಿತು. ವಿಶೇಷ ಕಾರಣ ಇಲ್ಲದಿದ್ದರೆ ದೂರವಿರುವ ತಂದೆಯೋ ತಾಯಿಯೋ ಪ್ರತಿದಿನ ಐದು ಹತ್ತು ನಿಮಿಷ ಫೋನಿನಲ್ಲಿ ಮಾತಾಡುವಂತಿರಬೇಕು ಎಂದೂ ಸೇರಿಸಿತು. ಅದಕ್ಕೂ ಮುಂಚೆ, 2015ರ ಮೇ ತಿಂಗಳಲ್ಲಿ, ನ್ಯಾಯಮೂರ್ತಿ ಎ.ಪಿ. ಷಾ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಗೆ ಪಾಲನೆ, ಭೇಟಿ, ಮಧ್ಯಸ್ಥಿಕೆಗಳ ಬಗ್ಗೆ ಹೊಸ ಅಧ್ಯಾಯವನ್ನೇ ಸೇರಿಸಿ ಎಂದು ಶಿಫಾರಸು ಮಾಡಿತ್ತು. ಆ ವರದಿಗೆ ಹತ್ತು ವರ್ಷ ದಾಟಿತು, ಅಧ್ಯಾಯ ಬರಲಿಲ್ಲ. ನಾವಿನ್ನೂ ವಿಕ್ಟೋರಿಯಾ ರಾಣಿಯ ಕಾಲದ ಕಾಯ್ದೆಯಲ್ಲೇ ಮಕ್ಕಳನ್ನು ಹಂಚುತ್ತಿದ್ದೇವೆ.

ಅಷ್ಟು ದೂರ ಹೋಗುವುದೇ ಬೇಡ. ಮುಖ್ಯ ನ್ಯಾಯಮೂರ್ತಿಗಳೇ, ತಮ್ಮದೇ ಹೈಕೋರ್ಟು 2013ರಲ್ಲಿ ಒಂದು ಪ್ರಕರಣದಲ್ಲಿ ವರ್ಷವನ್ನೇ ಎರಡು ಪಾಲು ಮಾಡಿತ್ತು. ಜನವರಿಯಿಂದ ಜೂನ್ ಕೊನೆಯವರೆಗೆ ಹುಡುಗ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ಕೊನೆಯವರೆಗೆ ತಾಯಿಯ ಬಳಿ. ಒಬ್ಬರ ಬಳಿ ಇದ್ದಾಗ ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ. ಫೋನು, ವಿಡಿಯೋ ಕರೆಗೆ ಅವಕಾಶ. ಓದಿನ ಖರ್ಚು ಇಬ್ಬರದೂ ಸಮಪಾಲು. ಅರ್ಧ ವರ್ಷದ ಈ ಹಂಚಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ತಂದೆ ತಾಯಿ ಒಂದೇ ಊರಲ್ಲಿದ್ದರೆ ಸರಿ. ಹೊಣಕೆರೆ ಕಡೆಯಲ್ಲೊಂದು ಮನೆ, ಕೆ.ಆರ್. ಪೇಟೆ ಕಡೆಯಲ್ಲೊಂದು ಮನೆ ಇರುವ ಹುಡುಗ ಜುಲೈ ಒಂದಕ್ಕೆ ಯಾವ ಶಾಲೆಗೆ ಹೋಗಬೇಕು? ಆದರೂ ಆ ಆದೇಶ ಬರೆದವರು ಕೂತು ಯೋಚನೆ ಮಾಡಿದ್ದರು ಎಂಬುದು ಸಾಲು ಸಾಲಿನಲ್ಲೂ ಕಾಣುತ್ತದೆ. ಹೈಕೋರ್ಟಿಗೆ ಆ ಪುರುಸೊತ್ತು ಇತ್ತು. ನೂರಾರು ಕಡತಗಳ ನಡುವೆ ಕೂರುವ ಕೆಳಗಿನ ನ್ಯಾಯಾಧೀಶರಿಗೆ ಆ ಪುರುಸೊತ್ತು ಎಲ್ಲಿಂದ ಬರಬೇಕು? ಅವರ ಕೈಗೆ ಒಂದು ಮಾದರಿಯಾದರೂ ಬೇಡವೇ?

ಮಾದರಿ ಎಂದೆ. ಅದನ್ನು ಬರೆಯುವವರು ಒಂದು ದಿನ ನಮ್ಮ ಹೋಬಳಿಗೆ ಬಂದು ಹೋಗಲಿ.

ನಮ್ಮದು ಮಂಡ್ಯ ಜಿಲ್ಲೆ ಎಂದರೆ ಜನ ಕಬ್ಬು, ಕಾಲುವೆ ಎಂದುಕೊಳ್ಳುತ್ತಾರೆ. ನಾಗಮಂಗಲದ ಕಡೆ ಹೆಚ್ಚಿನದು ಮಳೆ ನಂಬಿದ ರಾಗಿ, ಹುರುಳಿ, ತೆಂಗು. ಹೊಟ್ಟೆಪಾಡಿಗೆ ಹುಡುಗರು ಬೆಂಗಳೂರು ಸೇರುತ್ತಾರೆ. ಊರಿಗೆ ಬರುವುದು ಹಬ್ಬಕ್ಕೆ. ತಂದೆ ಊರಿಗೆ ಬರುವ ದಿನವೇ ಮಗ ಅವನನ್ನು ಊರಲ್ಲಿ ಕಾಣಬೇಕಾದ ದಿನ. ಯುಗಾದಿಗೆ ಸರ್ಕಾರಿ ರಜೆ ಇದೆ. ಮಾರನೆಯ ದಿನದ ಹೊಸತೊಡಕಿಗೆ ಕ್ಯಾಲೆಂಡರಿನಲ್ಲಿ ಕೆಂಪಕ್ಷರವಿಲ್ಲ. ಆದರೆ ಇಡೀ ವಂಶ ಒಂದು ಒಲೆಯ ಮುಂದೆ ಸೇರುವುದು ಅವತ್ತೇ. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವಾಗ ಮಕ್ಕಳಿಲ್ಲದಿದ್ದರೆ ಕಿಚ್ಚಿಗೂ ಕಳೆಯಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವ ದಿನ ನನ್ನ ಹೆಂಡತಿ ಎಲೆಯ ಮುಂದೆ ಕೂತು ಬಾಗಿಲ ಕಡೆ ನೋಡುತ್ತಾಳೆ. ಸತ್ತವರು ಬರುತ್ತಾರೆ ಎಂಬ ನಂಬಿಕೆಗೆ ಇಡುವ ಎಡೆ ಅದು. ಬದುಕಿರುವ ಮೊಮ್ಮಗ ಬರುವಂತಿಲ್ಲ, ಯಾಕೆಂದರೆ ಆ ದಿನ ಮೊದಲ ಶನಿವಾರವೂ ಅಲ್ಲ, ಮೂರನೇ ಶನಿವಾರವೂ ಅಲ್ಲ. ಇವೆಲ್ಲ ತಂದೆಯ ಮನೆಗೇ ಸಿಗಬೇಕು ಎಂಬ ಹಟ ನನಗಿಲ್ಲ. ತಾಯಿಯ ತವರಿನಲ್ಲೂ ಒಲೆ ಉರಿಯುತ್ತದೆ, ಅಲ್ಲೂ ಒಬ್ಬ ಅಜ್ಜಿ ಕಾಯುತ್ತಾಳೆ. ಈ ವರ್ಷ ಯುಗಾದಿ ಅಲ್ಲಿ, ಹೊಸತೊಡಕು ಇಲ್ಲಿ, ಮುಂದಿನ ವರ್ಷ ಅದಲು ಬದಲು. ಇಷ್ಟು ಬರೆಯಲು ಶಾಯಿ ಎಷ್ಟು ಬೇಕು?

ಬೇಸಿಗೆ ರಜೆಯ ಮಾತು ಇನ್ನೂ ವಿಚಿತ್ರ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಕ್ಕಳಿಗೆ ಶಾಲೆಯಿಲ್ಲ. ಆ ದಿನಗಳ ನಡುವೆಯೇ ಸಿವಿಲ್ ಕೋರ್ಟುಗಳಿಗೂ ಬೇಸಿಗೆ ರಜೆ. ದಸರಾದಲ್ಲೂ ಅದೇ ಕತೆ. ಹುಡುಗ ಬಿಡುವಾಗಿರುವಾಗ ಅವನನ್ನು ಹತ್ತು ದಿನ ಕಳಿಸಿ ಎಂದು ಹೇಳಬೇಕಾದವರೂ ಬಿಡುವಾಗಿರುತ್ತಾರೆ. ಮುಂಚೆಯೇ ಅರ್ಜಿ ಹಾಕಬೇಕಿತ್ತು ಎನ್ನುತ್ತಾರೆ ಲಾಯರು. ಹೋದ ವರ್ಷ ಫೆಬ್ರವರಿಯಲ್ಲೇ ಹಾಕಿದೆವು. ಆಕ್ಷೇಪಣೆಗೆ ಒಂದು ವಾಯಿದೆ, ವಾದಕ್ಕೆ ಒಂದು ವಾಯಿದೆ, ಆದೇಶಕ್ಕೆ ಜೂನ್. ಜೂನ್ ಹೊತ್ತಿಗೆ ಹುಡುಗ ಹೊಸ ಕ್ಲಾಸಿಗೆ ಸೇರಿದ್ದ. ರಜೆಯೇ ಮುಗಿದಿರುವುದರಿಂದ ಅರ್ಜಿ ಉಳಿಯಲಿಲ್ಲ ಎಂದು ವಜಾ ಆಯಿತು. ಕೋರ್ಟು ಹೇಳಿದ್ದು ಸುಳ್ಳಲ್ಲ, ರಜೆ ಮುಗಿದಿತ್ತು.

ಇನ್ನು ಶಾಲೆಯ ಗೇಟು. ಇದು ನನ್ನ ಸ್ವಂತ ಇಲಾಖೆ, ಸ್ವಲ್ಪ ಹೆಚ್ಚು ಹೇಳುತ್ತೇನೆ. ಕೋರ್ಟಿನಲ್ಲಿ ಭೇಟಿ ತಪ್ಪಿದ ಅಪ್ಪ ಸೋಮವಾರ ಶಾಲೆಯ ಮುಂದೆ ಬಂದು ನಿಲ್ಲುತ್ತಾನೆ. “ಸಾ, ಐದು ನಿಮಿಷ ಮಗೀನ್ ಮಾತಾಡುಸ್ಬುಟ್ಟು ಹೋಯ್ತೀನಿ” ಎನ್ನುತ್ತಾನೆ. ಮೇಷ್ಟ್ರು ಏನು ಮಾಡಬೇಕು? ಕಳಿಸಿದರೆ ತಾಯಿ ಬಂದು ಕೇಳುತ್ತಾಳೆ, ಅವಳು ಕೇಳುವುದರಲ್ಲಿ ನ್ಯಾಯವಿದೆ. ಕಳಿಸದಿದ್ದರೆ ಆ ಗಂಡಸು ಗೇಟಿನ ಹೊರಗೆ ಅಳುತ್ತಾನೆ, ಇಡೀ ತರಗತಿ ಕಿಟಕಿಯಲ್ಲಿ ನೋಡುತ್ತದೆ, ಆ ಮಗು ತಲೆ ತಗ್ಗಿಸಿ ಸ್ಲೇಟು ಗೀಚುತ್ತದೆ. ಇಂಥ ಮೂರು ಮಕ್ಕಳನ್ನು ನನ್ನ ಸೇವೆಯಲ್ಲಿ ಕಂಡಿದ್ದೇನೆ. ಒಂದು ಸಲವೂ ಕೋರ್ಟಿನ ಆದೇಶದ ಪ್ರತಿ ಮುಖ್ಯೋಪಾಧ್ಯಾಯರ ಮೇಜಿಗೆ ಬಂದದ್ದನ್ನು ಕಂಡಿಲ್ಲ. ಯಾರು ಕರೆದುಕೊಂಡು ಹೋಗಬಹುದು, ಯಾರು ಹೋಗುವಂತಿಲ್ಲ, ಪೋಷಕರ ಸಭೆಗೆ ಇಬ್ಬರನ್ನೂ ಕರೆಯಬಹುದೇ, ಅಂಕಪಟ್ಟಿಯನ್ನು ತಂದೆಗೂ ತೋರಿಸಬಹುದೇ? ಗೊತ್ತಿಲ್ಲದ ಮೇಷ್ಟ್ರು ತನ್ನ ಜಾತಿ, ತನ್ನ ಊರು, ತನ್ನ ಮನಸ್ಸು ಹೇಳಿದಂತೆ ತೀರ್ಪು ಕೊಡುತ್ತಾನೆ. ಆ ತೀರ್ಪಿಗೆ ಮೇಲ್ಮನವಿಯೂ ಇಲ್ಲ.

ಇಷ್ಟು ಹೊತ್ತು ಗಂಡಿನ ಕಡೆಯ ತಾತ ಮಾತಾಡಿದ. ಹೆಣ್ಣಿನ ಕಡೆಯದನ್ನೂ ನಾನೇ ಹೇಳಬೇಕು, ಹೇಳದಿದ್ದರೆ ಈ ಪತ್ರ ಒಪ್ಪುವಂಥದ್ದಾಗುವುದಿಲ್ಲ. ಒಂದು ಶನಿವಾರ ಸೊಸೆಯನ್ನು ಪಕ್ಕಕ್ಕೆ ಕರೆದು, ಒಂದು ದಿನವಾದರೂ ಮಗೂನ ಊರಿಗೆ ಕಳಿಸವ್ವ ಎಂದೆ. ಅವಳು ಮುಖ ಕೊಟ್ಟು ಮಾತಾಡಿದಳು. “ಮಾವ, ನಿಮ್ ಮ್ಯಾಲೆ ನಂಗೇನೂ ಇಲ್ಲ. ಆದ್ರೆ ಒಂದ್ಸಲ ಕಳಿಸುದ್ರೆ ವಾಪಸ್ ಬತ್ತಾನೆ ಅಂತ ಗ್ಯಾರಂಟಿ ಯಾರ್ ಕೊಡ್ತಾರೆ?” ನನ್ನ ಬಳಿ ಉತ್ತರವಿರಲಿಲ್ಲ. ನಾನು ಕೊಡುತ್ತೇನೆ ಎನ್ನಬಹುದಿತ್ತು. ಹಾಗೆಂದವರ ಮನೆಯಿಂದ ಮಗು ತಿಂಗಳುಗಟ್ಟಲೆ ವಾಪಸ್ಸು ಬರದೆ, ತಾಯಿ ಪೊಲೀಸ್ ಸ್ಟೇಷನ್ನಿಗೂ ಕೋರ್ಟಿಗೂ ಅಲೆದದ್ದು ಅವಳಿಗೂ ಗೊತ್ತು, ನನಗೂ ಗೊತ್ತು. ಹೊಡೆದ ಗಂಡ ಭೇಟಿಯ ನೆಪದಲ್ಲಿ ಬಂದು ಮತ್ತೆ ಬೆದರಿಸುವುದೂ ಉಂಟು. ಕುಡಿದು ಬರುವುದೂ ಉಂಟು. ಕೋರ್ಟಿನ ಆವರಣವೇ ಆಗಬೇಕು ಎಂದು ಹೆಣ್ಣುಮಕ್ಕಳು ಹಟ ಹಿಡಿದರೆ ಅದು ಸೊಕ್ಕಲ್ಲ, ಅಲ್ಲಿ ಪೊಲೀಸರಾದರೂ ಇರುತ್ತಾರೆ ಎಂಬ ಲೆಕ್ಕ.

ಐದು ಗ್ಯಾರಂಟಿ ಕೊಟ್ಟ ಸರ್ಕಾರದ ಸಚಿವರಿಗೂ ಈ ಪತ್ರ ಬರೆಯುತ್ತಿರುವುದು ಇದೇ ಕಾರಣಕ್ಕೆ. ನನ್ನ ಸೊಸೆ ಕೇಳಿದ ಗ್ಯಾರಂಟಿಗೆ ಹೆಚ್ಚು ದುಡ್ಡು ಬೇಕಿಲ್ಲ.

ಹಣದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಮಗ ಎರಡು ತಿಂಗಳ ಮೆಂಟೆನೆನ್ಸ್ ಬಾಕಿ ಇಟ್ಟಿದ್ದ. ಆ ಎರಡು ತಿಂಗಳೂ ಮೊದಲ ಮತ್ತು ಮೂರನೇ ಶನಿವಾರಕ್ಕೆ ಸರಿಯಾಗಿ ಮಗುವಿಗೆ ಜ್ವರ ಬಂತು. ಬಾಕಿ ಕಟ್ಟಿದ ಮೇಲೆ ಜ್ವರ ಬಿಟ್ಟಿತು. ಬಾಕಿ ಇಟ್ಟದ್ದು ಇವನ ತಪ್ಪು, ಮಗನಿಗೆ ಬೈದಿದ್ದೇನೆ. ಆದರೆ ಜೀವನಾಂಶ ವಸೂಲಿಗೆ ಕಾನೂನಿನಲ್ಲಿ ಬೇರೆಯೇ ದಾರಿಯಿದೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಈಗ ಹೊಸ ಸಂಹಿತೆಯಲ್ಲಿ 144 ಆಗಿ ಕೂತಿದೆ. ದುಡ್ಡು ಇತ್ತ, ಮಗು ಅತ್ತ ಎಂಬ ವ್ಯಾಪಾರ ನಿಲ್ಲಬೇಕಾದರೆ ಎರಡಕ್ಕೂ ಸಂಬಂಧವಿಲ್ಲ ಎಂದು ಆದೇಶದಲ್ಲೇ, ಕನ್ನಡದಲ್ಲಿ, ಒಂದು ಸಾಲು ಬೇಕು. ನಿಜವಾಗಿಯೂ ಜ್ವರ ಬಂದರೆ, ಬಸ್ಸು ತಪ್ಪಿದರೆ, ತಪ್ಪಿದ ಭೇಟಿಗೆ ಬದಲಿ ದಿನ ಯಾವುದು ಎಂದು ಇನ್ನೊಂದು ಸಾಲು. ಈಗ ಬಸ್ಸು ಕೆಟ್ಟು ನಾವು ಹನ್ನೆರಡೂಕಾಲಿಗೆ ತಲುಪಿದರೆ ‘ತಂದೆ ಹಾಜರಿಲ್ಲ’ ಎಂದು ಮೆಮೊ ಬೀಳುತ್ತದೆ.

ಹಾಗಾದರೆ ಭೇಟಿ ಎಲ್ಲಿ ನಡೆಯಬೇಕು? ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಭೇಟಿ ಕೇಂದ್ರಗಳಿವೆ. ಎಷ್ಟೋ ಕಡೆ ಅವು ಚರ್ಚಿನ ಹಾಲಿನಲ್ಲೋ ಸಮುದಾಯ ಭವನದಲ್ಲೋ ನಡೆಯುತ್ತವೆ, ಆಟಿಕೆಗಳಿರುತ್ತವೆ, ನೋಡಿಕೊಳ್ಳುವ ಸ್ವಯಂಸೇವಕರಿರುತ್ತಾರೆ. ನಮಗೆ ಹೊಸ ಕಟ್ಟಡ ಬೇಡ. ಸಚಿವರೇ, ಗ್ರಾಮ ಪಂಚಾಯ್ತಿಗಳ ಲೈಬ್ರರಿಗೆ ಈಗ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೀರಿ. ಅಲ್ಲಿ ಮಕ್ಕಳ ಪುಸ್ತಕವಿದೆ, ಮೇಲ್ವಿಚಾರಕರಿದ್ದಾರೆ. 2023ರ ಬಜೆಟ್ಟಿನಲ್ಲಿ 4000 ಪಂಚಾಯ್ತಿಗಳಲ್ಲಿ ಕೂಸಿನ ಮನೆ ಎಂದು ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿದಿರಿ, ಅದೂ ಚಂದದ ಹೆಸರು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತರ ಪಾಲನೆಯ ಕಾಯ್ದೆ ಹೇಳುತ್ತದೆ. ಆ ಸಣ್ಣ ಮಕ್ಕಳನ್ನು ಅಪ್ಪ ಕೂಸಿನ ಮನೆಯಲ್ಲಿ ಕಾಣಲಿ, ದೊಡ್ಡವರನ್ನು ಅರಿವು ಕೇಂದ್ರದಲ್ಲಿ ಕಾಣಲಿ. ಭಾನುವಾರ ಬಾಗಿಲು ತೆಗೆಯುವವರಿಗೆ ಒಂದಿಷ್ಟು ಗೌರವಧನ ಕೊಡಿ. ಹೆದರಿಕೆಯಿರುವ ಪ್ರಕರಣಗಳಲ್ಲಿ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಮಫ್ತಿಯಲ್ಲಿ ಕೂರಲಿ.

ಮೇಲ್ವಿಚಾರಣೆಗೆ ಹೊಸ ಇಲಾಖೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕುಟುಂಬ ನ್ಯಾಯಾಲಯಗಳಿಗೆ ಆಪ್ತಸಮಾಲೋಚಕರಿರಬೇಕು ಎಂದು 1984ರ ಕಾಯ್ದೆಯಲ್ಲೇ ಬರೆದಿಟ್ಟರು. ಆದರೆ ಅಂಥ ನ್ಯಾಯಾಲಯ ಕಡ್ಡಾಯವಾದದ್ದು ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಕ್ಕೆ. ಉಳಿದ ಕಡೆ ಸರ್ಕಾರಕ್ಕೆ ಅಗತ್ಯವೆನಿಸಿದರೆ. ಬೆಂಗಳೂರಿನವರಿಗೆ 2007ರಿಂದ ಮಧ್ಯಸ್ಥಿಕಾ ಕೇಂದ್ರವಿದೆ. ಹೊಣಕೆರೆಗೆ ಹತ್ತು ಲಕ್ಷ ಜನ ಆಗುವುದನ್ನು ಕಾಯಲು ನನಗೆ ಆಯುಷ್ಯವಿಲ್ಲ. ತಾಲ್ಲೂಕು ಸಮಿತಿಗೆ ಒಬ್ಬ ತರಬೇತಾದ ಆಪ್ತಸಮಾಲೋಚಕಿಯನ್ನು ಕೊಡಿ. ಅವರು ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ತಂದೆ ತಾಯಿ ಇಬ್ಬರನ್ನೂ ಕೂರಿಸಿ ಮುಂದಿನ ಶಾಲಾ ವರ್ಷದ ಪಟ್ಟಿ ಮಾಡಿಸಲಿ, ನ್ಯಾಯಾಧೀಶರು ಸಹಿ ಹಾಕಲಿ, ಒಂದು ಪ್ರತಿ ಶಾಲೆಗೆ ಹೋಗಲಿ. ಮಗುವಿಗೆ ಬುದ್ಧಿ ಬಂದಿದ್ದರೆ ಅದನ್ನೂ ಒಂದು ಮಾತು ಕೇಳಲಿ.

ಹೆಣ್ಣು ಸಿಗುತ್ತಿಲ್ಲ ಎಂದು 2023ರಲ್ಲಿ ಮಾದಪ್ಪನ ಬೆಟ್ಟಕ್ಕೆ ಹುಡುಗರು ಪಾದಯಾತ್ರೆ ಹೊರಟ ಜಿಲ್ಲೆ ನಮ್ಮದು. ಟಿವಿಯವರೆಲ್ಲ ಬಂದಿದ್ದರು. ಮದುವೆ ಆಗಿ, ಮುರಿದು, ಮಗುವನ್ನು ನೋಡಲು ತಿಂಗಳಿಗೆ ಎರಡು ಸಲ ಹೊರಡುವವರ ಪಾದಯಾತ್ರೆಯನ್ನು ಯಾರೂ ಚಿತ್ರೀಕರಿಸುವುದಿಲ್ಲ. ಬೇಡವೂ ಬೇಡ.

ಮುಖ್ಯ ನ್ಯಾಯಮೂರ್ತಿಗಳೇ, ಕೆಳಗಿನ ಕೋರ್ಟುಗಳಿಗೆ ಒಂದು ಸುತ್ತೋಲೆ ಕಳಿಸಲು ತಮಗೆ ಸಂಸತ್ತಿನ ಅಪ್ಪಣೆ ಬೇಕಿಲ್ಲ. ಕೋರ್ಟಿನ ರಜೆ ಪಟ್ಟಿ ತಮ್ಮ ಮೇಜಿಗೆ ಬರುತ್ತದೆ. ಶಾಲೆಗಳ ರಜೆ ಪಟ್ಟಿ ಶಿಕ್ಷಣ ಇಲಾಖೆಯಿಂದ ಸಿಗುತ್ತದೆ. ಈ ಸಲ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ. ಬೇಸಿಗೆ ರಜೆಗೆ ಸಂಬಂಧಪಟ್ಟ ಭೇಟಿ ಅರ್ಜಿಗಳೆಲ್ಲ ಮಾರ್ಚ್ ಕೊನೆಯೊಳಗೆ ಇತ್ಯರ್ಥವಾಗಬೇಕು ಎಂಬ ಒಂದು ಸಾಲಿನಿಂದಲಾದರೂ ಶುರು ಮಾಡಿ.

ನಮ್ಮ ಕರು ಈಗ ಹಸುವಾಗುವ ವಯಸ್ಸಿಗೆ ಬಂದಿದೆ. ಮೊಮ್ಮಗ ಅದನ್ನು ಇನ್ನೂ ಫೋಟೊದಲ್ಲಷ್ಟೇ ನೋಡಿದ್ದಾನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು,
ಹೊಣಕೆರೆ ಹೋಬಳಿ, ನಾಗಮಂಗಲ ತಾಲ್ಲೂಕು